ಬಣ್ಣದ ಕೈಗೇ ಸೂಜಿ ಬಿದ್ದಾಗ

ಹೋದ ವರ್ಷ ಚಿತ್ರದುರ್ಗದ ಒಂದು ಚಿತ್ರಕಲಾ ಶಾಲೆಯವರು ಮಕ್ಕಳ ಮುಂದೆ ಮಾತಾಡಲು ನನ್ನನ್ನು ಕರೆದಿದ್ದರು. ಆಹ್ವಾನ ಪತ್ರಿಕೆಯಲ್ಲಿ ‘ನಿವೃತ್ತ ರಂಗಪರದೆ ಕಲಾವಿದರು’ ಎಂದು ಹಾಕಿಸಿದ್ದರು. ಪರದೆ ಬರೆಯುವವನಿಗೆ ನಿವೃತ್ತಿ ಕೊಡುವವರು ಯಾರಪ್ಪ ಎಂದು ನಗು ಬಂತು. ಶಾಲು ಹೊದಿಸಿ, ಹಾರ ಹಾಕಿ, ನನ್ನ ಕಾಯಿಲೆಯ ಕಥೆಯನ್ನೂ ಮಕ್ಕಳಿಗೆ ಹೇಳಿ ಕೂರಿಸಿದರು. ನಾನು ಒಂದು ಕಡೆ ಹತ್ತು ನಿಮಿಷ ಕೂರುವ ಪ್ರಾಣಿಯಲ್ಲ. ಕುರ್ಚಿಯಲ್ಲಿ ಆ ಮಗ್ಗುಲು ಈ ಮಗ್ಗುಲು ಹೊರಳುತ್ತಿದ್ದಾಗ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ್, ಇಂಥ ಕಾಯಿಲೆ ಇಟ್ಕಂಡು ಇಷ್ಟು ವರ್ಷ ಹೆಂಗೆ ಕೆಲಸ ಮಾಡಿದ್ರಿ? ಕಲೆನೇ ನಿಮ್ಮನ್ನ ಉಳಿಸ್ತಾ?” ಎಂದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಹೌದಮ್ಮ ಎಂದು ತಲೆಯಾಡಿಸಿ ಬಂದುಬಿಟ್ಟೆ. ಹಿರಿಯೂರಿಗೆ ವಾಪಸ್ಸು ಬರುವ ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಆ ಮಗುವಿಗೆ ನಾನು ಸುಳ್ಳು ಹೇಳಿದ್ದೆ. ಈ ಕೆಲಸಕ್ಕೆ ಬರಬೇಕೆಂದಿರುವವರಿಗೆ ನಿಜ ಏನಿತ್ತೆಂದು ಹೇಳಬೇಕಲ್ಲ, ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾಯಿಲೆ ಯಾವುದೆಂದು ಮೊದಲೇ ಹೇಳಿಬಿಡುತ್ತೇನೆ. ನಲವತ್ತೇಳನೆಯ ವಯಸ್ಸಿಗೆ ನನ್ನ ಎರಡೂ ಕಿಡ್ನಿ ಕೈಕೊಟ್ಟವು. ಅಂದಿನಿಂದ ವಾರಕ್ಕೆ ಮೂರು ದಿನ ದುರ್ಗದ ಆಸ್ಪತ್ರೆಗೆ ಹೋಗಿ, ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್ ಯಂತ್ರದ ಪಕ್ಕ ಕೂತು ರಕ್ತ ತೊಳೆಸಿಕೊಂಡು ಬರುತ್ತೇನೆ. ಉಳಿದ ನಾಲ್ಕು ದಿನಗಳಲ್ಲಿ ಹನ್ನೊಂದು ವರ್ಷ ಪರದೆ ಬರೆದೆ. ಮೂರು ವರ್ಷದ ಹಿಂದೆ ಬಿಟ್ಟೆ. ಹೇಗೆ ಬರೆದೆ, ಯಾಕೆ ಬಿಟ್ಟೆ, ಇಷ್ಟೇ ಕಥೆ.

ನಾನು ಐಮಂಗಲದ ಕಡೆಯ ಕುರಿ ಸಾಕುವವರ ಮನೆಯವನು. ಹುಟ್ಟಾ ಎಡಚ. ಎಡಗೈಯಲ್ಲಿ ಮುದ್ದೆ ಮುರಿದರೆ ಅವ್ವ ಸೌಟಿನಿಂದ ಬಾರಿಸುತ್ತಿದ್ದಳು. ಎಡಗೈಯಲ್ಲಿ ಬಳಪ ಹಿಡಿದರೆ ಮೇಷ್ಟ್ರು ಬೆರಳಿನ ಗೆಣ್ಣಿಗೆ ಬೆತ್ತ ಬಿಡುತ್ತಿದ್ದರು. ಹೀಗಾಗಿ ಊಟ ಬಲಗೈಗೆ ಹೋಯಿತು, ಅಕ್ಷರವೂ ಬಲಗೈಗೆ ಹೋಯಿತು. ಚಿತ್ರಕ್ಕೆ ಯಾರೂ ಬೆತ್ತ ಹಿಡಿದು ನಿಲ್ಲಲಿಲ್ಲವಾದ್ದರಿಂದ ಅದೊಂದು ಮಾತ್ರ ಎಡಗೈಯಲ್ಲೇ ಉಳಿಯಿತು. ಕುರಿ ಹಿಂದೆ ನಿಲ್ಲಲಾರದ ನನ್ನ ಚಡಪಡಿಕೆ ನೋಡಿ ಅಪ್ಪ, ದುರ್ಗದ ಪೇಟೆಯಲ್ಲಿ ಅಂಗಡಿ ಬೋರ್ಡು, ನಾಟಕದ ಪರದೆ ಬರೆಯುತ್ತಿದ್ದ ಬುಡೇನ್ ಸಾಬರ ಬಳಿ ಬಿಟ್ಟ. ಕುಂಚ ಎಡಗೈಯಲ್ಲಿ ಹಿಡಿದು ಹೆದರುತ್ತಾ ಅವರ ಮುಖ ನೋಡಿದೆ.

“ಏನಲೇ ನೋಡ್ತೀಯ? ಜನ ಬರೋದು ಅರಮನೆ ನೋಡಾಕೆ, ನಿನ್ನ ಕೈ ನೋಡಾಕಲ್ಲ. ಕಂಬ ನೆಟ್ಟಗೆ ನಿಂತೈತಾ ಇಲ್ವಾ, ಅಷ್ಟೇ ನನಗೆ ಬೇಕಾಗಿರೋದು” ಎಂದರು.

ಬೇರೆ ಯಾವ ವಿಷಯಕ್ಕೂ ಆ ಮನುಷ್ಯ ಅಷ್ಟು ಸಲೀಸಾಗಿ ಒಪ್ಪಿದ್ದನ್ನು ನಾನು ಕಾಣೆ. ಅಳತೆ ತಪ್ಪಿದರೆ ಮೂರು ದಿನದ ಕೆಲಸದ ಮೇಲೆ ಒಂದೇ ಏಟಿಗೆ ಸುಣ್ಣ ಎಳೆದುಬಿಡುತ್ತಿದ್ದರು. ಆಗ ಪರದೆ ಎಂದರೆ ನೆಲದ ಮೇಲಿನ ಕೆಲಸ. ಶಾಲೆಯ ಹಾಲಿನಲ್ಲೋ ದೇವಸ್ಥಾನದ ಪಡಸಾಲೆಯಲ್ಲೋ ಇಡೀ ಬಟ್ಟೆ ಹಾಸಿ, ನೀಲಿ ಪುಡಿ ಹಚ್ಚಿದ ದಾರವನ್ನು ಇಬ್ಬರು ಎರಡು ತುದಿಗೆ ಎಳೆದು ಹಿಡಿದು ಮಿಡಿದರೆ ಗೆರೆ ಬೀಳುತ್ತಿತ್ತು. ಆ ಗೆರೆಯ ಮೇಲೆ ಕಂಬ, ಕಮಾನು, ಮೆಟ್ಟಿಲು ಏಳುತ್ತಿದ್ದವು. ದರ್ಬಾರು, ಬೀದಿ, ಕಾಡು, ಉದ್ಯಾನವನ, ಹೀಗೆ ನಾಲ್ಕು ಪರದೆಗೆ ಒಂದು ಸೆಟ್ಟು. ದಿನವಿಡೀ ಬಗ್ಗಿಯೇ ಇರಬೇಕು. ಸೊಂಟನೋವು ನಮ್ಮ ಕಸುಬಿನವರಿಗೆಲ್ಲ ಬಳುವಳಿ.

ನನ್ನ ಮೊದಲ ಎಡವಟ್ಟು ಹೊಸದುರ್ಗದ ಕಡೆಯ ಒಂದು ಊರಿನಲ್ಲಿ ಆಯಿತು. ಬಟ್ಟೆಗೆ ಮೊದಲು ಸೀಮೆಸುಣ್ಣದ ಪುಡಿ ಮತ್ತು ಅಂಟು ಕಲಸಿ ತೆಳ್ಳಗೆ ತಳಬಣ್ಣ ಕೊಡಬೇಕು. ದಪ್ಪಗೆ ಕೊಟ್ಟರೆ ಬಣ್ಣ ಎದ್ದು ಕಾಣುತ್ತದೆಂದು ನನ್ನ ಬುದ್ಧಿ ಓಡಿಸಿ, ಸಾಬರು ಊಟಕ್ಕೆ ಹೋದಾಗ ಎರಡು ಕೈ ಜಾಸ್ತಿಯೇ ಬಳಿದೆ. ಪರದೆ ಲಕಲಕ ಹೊಳೆಯಿತು. ನಾಟಕದ ದಿನ ಸುತ್ತಿಟ್ಟ ಪರದೆಯನ್ನು ಬಿಚ್ಚಿ ಇಳಿಸಿದರೆ ಅರಮನೆಯ ಚಾವಣಿ ಪುಡಿಪುಡಿಯಾಗಿ ಉದುರಿತು, ಕೆಳಗೆ ನಿಂತಿದ್ದ ರಾಜನ ಮೀಸೆ ಬೆಳ್ಳಗಾಯಿತು. ಜನ ಬಿದ್ದು ಬಿದ್ದು ನಕ್ಕರು. ಸಾಬರು ಮಾತ್ರ ನಗಲಿಲ್ಲ, ನನ್ನನ್ನು ಬಿಟ್ಟುಕೊಡಲೂ ಇಲ್ಲ. “ತಪ್ಪು ನಂದೇ” ಎಂದು ಊರವರ ಮುಂದೆ ಕೈಮುಗಿದರು. ಆಮೇಲೆ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ, ನನಗೆ ಅದೇ ದೊಡ್ಡ ಶಿಕ್ಷೆಯಾಯಿತು.

ಮದುವೆಯಾದ ಮೇಲೆ ಹಿರಿಯೂರಿನಲ್ಲಿ ಸ್ವಂತ ಅಂಗಡಿ ಇಟ್ಟೆ. ಇಪ್ಪತ್ತು ವರ್ಷ ಕೈತುಂಬ ಕೆಲಸ. ಬಗ್ಗಿ ಬಗ್ಗಿ ಸೊಂಟ ಹಿಡಿದರೆ ಮೆಡಿಕಲ್ ಅಂಗಡಿಯಿಂದ ನೋವಿನ ಮಾತ್ರೆ ತಂದು ಕಡಲೆಪುರಿಯಂತೆ ನುಂಗುತ್ತಿದ್ದೆ. ಕಾಲು ಊದಿತು, ನಿಂತು ನಿಂತು ಹೀಗಾಗಿದೆ ಎಂದುಕೊಂಡೆ. ಮುಖ ಊದಿತು, ನನ್ನ ಹೆಂಡತಿ ರತ್ನಮ್ಮ “ಯಾಕ್ರೀ, ಹಿಂಗೆ ಬಾತ್ಕಂಡೀರಿ?” ಎಂದಳು. ಅನ್ನ ಸೇರದೆ ವಾಂತಿ ಶುರುವಾದಾಗಲೇ ನಾನು ಡಾಕ್ಟರ ಬಳಿ ಹೋದದ್ದು. ಅವರು ರಿಪೋರ್ಟು ನೋಡಿ, ಬಿಪಿ ಎಷ್ಟು ವರ್ಷದಿಂದ ಇದೆ ಎಂದರು. ಇದೆಯೆಂದೇ ನನಗೆ ಗೊತ್ತಿರಲಿಲ್ಲ. ಮಾತ್ರೆಯ ಹೆಸರು ಕೇಳಿ ಕನ್ನಡಕ ತೆಗೆದು ಟೇಬಲ್ಲಿನ ಮೇಲಿಟ್ಟರು. ಹುಡುಗರೇ, ಸೊಂಟ ನೋವಾದರೆ ಮಲಗಿ, ನುಂಗಬೇಡಿ. ಈ ಬರಹದಲ್ಲಿ ನಾನು ಕೊಡುವ ಬುದ್ಧಿವಾದ ಇಷ್ಟೇ.

ಯಂತ್ರಕ್ಕೆ ರಕ್ತ ಹೋಗಿ ಬರಲು ದಾರಿ ಬೇಕು. ಅದಕ್ಕಾಗಿ ಒಂದು ತೋಳಿನಲ್ಲಿ ಎರಡು ರಕ್ತನಾಳ ಸೇರಿಸಿ ಹೊಲಿಯುತ್ತಾರೆ. ಫಿಸ್ಟುಲಾ ಎನ್ನುತ್ತಾರೆ. ಆಮೇಲೆ ಪ್ರತಿ ಸಲ ಅಲ್ಲಿಗೇ ಎರಡು ದಪ್ಪ ಸೂಜಿ. ಆ ಕೈಯಲ್ಲಿ ಭಾರ ಎತ್ತುವಂತಿಲ್ಲ, ಅದನ್ನು ಒತ್ತಿ ಮಲಗುವಂತಿಲ್ಲ. ಆದ್ದರಿಂದ ಕೆಲಸದ ಕೈ ಬಿಟ್ಟು ಇನ್ನೊಂದಕ್ಕೆ ಮಾಡುತ್ತಾರೆ. ಇದನ್ನು ನನಗೆ ಯಾರೋ ಹೇಳಿದ್ದರು, ನನ್ನ ತಲೆಗೆ ಹೋಗಿರಲಿಲ್ಲ. ಆಗ ನನ್ನ ತಲೆಗೆ ಏನೂ ಹೋಗುತ್ತಿರಲಿಲ್ಲ. ಪರ ಊರಿನ ದೊಡ್ಡ ಆಸ್ಪತ್ರೆ, ಉದ್ದದ ಸಾಲು, ಎಲ್ಲರ ಮೇಲೂ ಸಿಟ್ಟು. ಫಾರಂ ತುಂಬುತ್ತಿದ್ದ ಚಿಕ್ಕ ವಯಸ್ಸಿನ ಡಾಕ್ಟರು ತಲೆಯೆತ್ತದೆ ಕೇಳಿದರು: “ಊಟ ಯಾವ ಕೈಯಲ್ಲಿ ಮಾಡ್ತೀರಿ, ಯಜಮಾನ್ರೇ?”

“ಬಲಗೈಲಿ.”

“ಸೈನು?”

“ಅದೂ ಬಲಗೈಲೇ.”

ಎರಡೂ ನಿಜ. ನಮ್ಮ ಸೀಮೆಯಲ್ಲಿ ಎಡಗೈಯಲ್ಲಿ ಉಣ್ಣುತ್ತೇನೆ ಎಂದು ಯಾವ ಎಡಚ ತಾನೇ ಹೇಳುತ್ತಾನೆ? ಕಸುಬು ಏನು, ಅದು ಯಾವ ಕೈಯದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಆಪರೇಷನ್ ಮುಗಿದು ಎಚ್ಚರವಾಗಿ ನೋಡಿದರೆ ಎಡಗೈ ಮಣಿಕಟ್ಟಿನಿಂದ ಮೊಣಕೈವರೆಗೆ ಬ್ಯಾಂಡೇಜು. ರತ್ನಮ್ಮ ಅದನ್ನು ನೋಡಿದವಳೇ ಬಾಗಿಲಿಂದ ಹೊರಗೆ ಓಡಿ ಡಾಕ್ಟರನ್ನು ಕರೆತಂದಳು. ಅವಳಿಗೆ ನನಗಿಂತ ಮೊದಲು ಹೊಳೆದಿತ್ತು. “ಅಯ್ಯೋ, ಇದು ಪರದೆ ಬರಿಯೋ ಕೈ ಕಣಣ್ಣಾ” ಎಂದು ಡಾಕ್ಟರ ಮುಂದೆ ಗೋಳಾಡಿದಳು. ಅವರು ಹಣೆ ಹಣೆ ಬಡಿದುಕೊಂಡರು. ಬಲಗೈಯ ನಾಳ ಸಣ್ಣ, ಇಲ್ಲಿ ಚೆನ್ನಾಗಿ ಕೂತಿದೆ, ಸದ್ಯ ಮುಟ್ಟುವುದು ಬೇಡ ಎಂದರು. ನಾನು ಯಾರನ್ನು ಬೈಯಲಿ? ಅವ್ವನ ಸೌಟನ್ನೇ?

ಮೊದಲ ಆರು ತಿಂಗಳು ನಾನು ಮನುಷ್ಯನಾಗಿರಲಿಲ್ಲ. ಯಂತ್ರದ ಪಕ್ಕ ಕೂತರೆ ಎರಡನೇ ಗಂಟೆಗೆ ಕಾಲೊಳಗೆ ಇರುವೆ ಹರಿದಂತಾಗುತ್ತಿತ್ತು. ಒದೆಯುತ್ತಿದ್ದೆ, ಏಳಲು ಹೋಗುತ್ತಿದ್ದೆ, ಯಂತ್ರ ಕೂಗಿಕೊಳ್ಳುತ್ತಿತ್ತು. ಅಲ್ಲಿಯ ಸಿಸ್ಟರ್ ನಾಗವೇಣಿ ಎಂಬಾಕೆ ಓಡಿ ಬಂದು, “ಸುಮ್ನೆ ಕುಂತ್ಕಳ್ರಿ ಅಣ್ಣಾ, ನಿಮಗೊಬ್ಬರಿಗೆ ನಾಲ್ಕು ಜನ ಕಾವಲು ಹಾಕ್ಬೇಕಾ?” ಎಂದು ಗದರುತ್ತಿದ್ದಳು. ಬಾಯಾರಿಕೆ ಇನ್ನೊಂದು ನರಕ. ದಿನಕ್ಕೆ ಕುಡಿಯುವ ನೀರೆಲ್ಲ ಅಳತೆ. ಬೇಸಿಗೆಯಲ್ಲಿ, ಅದೂ ನಮ್ಮ ಹಿರಿಯೂರಿನ ಬೇಸಿಗೆಯಲ್ಲಿ, ಬಾಯಲ್ಲಿ ಒಂದು ಐಸ್ ಚೂರು ಇಟ್ಟುಕೊಂಡು ಕಾಡಿನ ಪರದೆಗೆ ಜಲಪಾತ ಬರೆದಿದ್ದೇನೆ. ಆ ಜಲಪಾತದಷ್ಟು ನೀರು ನಾನು ಬೇರೆ ಯಾವ ಪರದೆಗೂ ಸುರಿದಿಲ್ಲ. ನೋಡಿದವರು ಭೇಷ್ ಎಂದರು, ನನಗೆ ಅದನ್ನು ಹರಿದು ಬಿಸಾಕುವಷ್ಟು ಕೋಪವಿತ್ತು.

ಎಡಗೈ ಬರೆಯುತ್ತಿತ್ತು. ಆದರೆ ತಣ್ಣಗಿರುತ್ತಿತ್ತು, ಬೇಗ ಸೋಲುತ್ತಿತ್ತು. ಸೂಜಿ ಹಾಕಿದ ಮಾರನೆ ದಿನ ಮುಟ್ಟಿದರೆ ಉರಿ. ಸುದ್ದಿ ತಿಳಿದು ಬುಡೇನ್ ಸಾಬರು ಬಂದರು. ಆಗ ಅವರಿಗೆ ಎಂಬತ್ತರ ಹತ್ತಿರ, ಕಣ್ಣಿಗೆ ಪೊರೆ. ಕೂತವರೇ ದಾರ, ನೀಲಿ ಪುಡಿ ಹೊರಗೆ ತೆಗೆದು, “ಬಲಗೈಲಿ ಕುಂಚ ಹಿಡಿ” ಎಂದರು.

“ಈ ವಯಸ್ಸಿನಾಗ ನಂಗೇನ್ ಹೊಸದಾಗಿ ಅಆಇಈ ಕಲಿಸ್ತೀರಾ ಉಸ್ತಾದ್?” ಎಂದು ರೇಗಿದೆ.

“ಹೌದು ಬೇಟಾ. ನಿನಗೊಂದು ಕೈ ಹೋಗಿಲ್ಲ, ಒಂದು ಕೈ ಸೋಮಾರಿಯಾಗೈತೆ ಅಷ್ಟೇ. ಗೆರೆ ಎಳಿ.”

ಎಳೆದೆ. ನಲವತ್ತೆಂಟರ ಮುದುಕ, ಮೊದಲ ದಿನದ ಹುಡುಗನಂತೆ ಗೋಡೆ ಮೇಲೆ ಡೊಂಕು ಡೊಂಕು ಗೆರೆ ಎಳೆಯುತ್ತಾ ಅತ್ತೆ. ಅವರು ಹದಿನೈದು ದಿನ ನಮ್ಮ ಮನೆಯಲ್ಲೇ ಉಳಿದರು. ಬಲಗೈಗೆ ಮುಖ ಬರಲಿಲ್ಲ, ಎಲೆ ಬರಲಿಲ್ಲ. ಕಂಬ ಬಂತು, ಮೆಟ್ಟಿಲು ಬಂತು, ಬಣ್ಣ ತುಂಬುವುದು ಬಂತು. ಅಲ್ಲಿಗೆ ಮುಕ್ಕಾಲು ದರ್ಬಾರು ಬಲಗೈಯ ಪಾಲಿಗೆ ಹೋಯಿತು. ಸಿಂಹಾಸನದ ನವಿಲು, ಗೋಡೆಯ ಬಳ್ಳಿ, ಇಂಥ ನಾಜೂಕು ಕೆಲಸಕ್ಕೆ ಮಾತ್ರ ಎಡಗೈಯನ್ನು ಉಳಿಸಿಟ್ಟುಕೊಂಡೆ. ಹನ್ನೊಂದು ವರ್ಷ ನಡೆದದ್ದು ಹೀಗೆ. ಕಲೆ ಶಕ್ತಿ ಕೊಟ್ಟಿತೋ ಇಲ್ಲವೋ, ಒಬ್ಬ ಹಟಮಾರಿ ಮುದುಕ ಕೊಟ್ಟರು.

ಇನ್ನು ನನ್ನ ದೊಡ್ಡ ತಪ್ಪು. ಕಾಯಿಲೆಯ ವಿಷಯ ಗಿರಾಕಿಗಳಿಗೆ ಹೇಳುತ್ತಲೇ ಇರಲಿಲ್ಲ. ಹೇಳಿದರೆ ಕೆಲಸ ಬೇರೆಯವರಿಗೆ ಹೋಗುತ್ತದೆಂಬ ಭಯ. ಯಂತ್ರದ ದಿನ ಬಂದರೆ ಮಾವನಿಗೆ ಹುಷಾರಿಲ್ಲ, ಬಣ್ಣ ತರಬೇಕು ಎಂದು ಏನೋ ಒಂದು ನೆಪ. ಹೊಳಲ್ಕೆರೆ ಹತ್ತಿರದ ಒಂದು ಊರಿನಲ್ಲಿ ಹಾರ್ಮೋನಿಯಂ ತಿಪ್ಪೇಸ್ವಾಮಿ ಮೇಷ್ಟ್ರು ಎಂಬುವರು ನಾಟಕ ಕಲಿಸುತ್ತಿದ್ದರು. ಹೊಸ ದರ್ಬಾರು ಪರದೆ ನನ್ನಿಂದಲೇ ಆಗಬೇಕೆಂದು ಹಿಡಿದರು. ಶಾಲೆಯ ಹಾಲಿನಲ್ಲಿ ಕೆಲಸ ಹಿಡಿದೆ. ಕಮಾನು ಒಂದು ಕಡೆ ವಾಲಿ, ಎರಡು ಸಲ ಅಳಿಸಿ ಬರೆದೆ. ನಾಟಕಕ್ಕೆ ನಾಲ್ಕು ದಿನ ಉಳಿಯಿತು. ಶನಿವಾರ ಆಸ್ಪತ್ರೆಗೆ ಹೋಗಬೇಕಿತ್ತು. ಒಂದು ದಿನ ತಪ್ಪಿಸಿದರೆ ಏನು ಮುಳುಗಿ ಹೋಗುತ್ತದೆ ಎಂದು ಹೋಗಲಿಲ್ಲ.

ಭಾನುವಾರ ಕಾಲು ಊದಿತು. ಸೋಮವಾರ ಬೆಳಿಗ್ಗೆ ನವಿಲಿನ ಕಣ್ಣು ಬರೆಯುತ್ತಿದ್ದೆ, ಉಸಿರು ಎಳೆದರೆ ಒಳಗೆ ಹೋಗುತ್ತಿಲ್ಲ. ಬಾಯಿಬಿಟ್ಟೆ, ಮಾತು ಬರಲಿಲ್ಲ. ಹಾಗೇ ಹಸಿ ಪರದೆಯ ಮೇಲೆ ಅಂಗಾತ ಬಿದ್ದೆ. ಊರವರು ಲಗೇಜ್ ಆಟೋದಲ್ಲಿ ಕೂರಿಸಿಕೊಂಡು ದುರ್ಗಕ್ಕೆ ಹಾರಿಸಿಕೊಂಡು ಬಂದರಂತೆ. ದಾರಿಯಲ್ಲಿ ತಿಪ್ಪೇಸ್ವಾಮಿ ಮೇಷ್ಟ್ರು ನನ್ನನ್ನು ಎದೆಗೆ ಒರಗಿಸಿಕೊಂಡೇ ಇದ್ದರು. ನನಗೆ ನೆನಪಿರುವುದು ಅವರ ಬಿಳಿ ಜುಬ್ಬದ ತುಂಬ ನನ್ನ ಬೆನ್ನಿನ ಕೆಂಪು, ಹಳದಿ ಬಣ್ಣ.

ಎಚ್ಚರವಾದಾಗ ನಾಗವೇಣಿ ಸಿಸ್ಟರ್ ಒಂದು ಕಡೆ, ಮೇಷ್ಟ್ರು ಇನ್ನೊಂದು ಕಡೆ. ಅವಳು ಬೈದದ್ದನ್ನು ಬರೆಯುವಂತಿಲ್ಲ. ಮೇಷ್ಟ್ರು ಮೆಲ್ಲಗೆ, “ಅಲ್ರೀ, ಮೊದ್ಲೇ ಒಂದು ಮಾತು ಹೇಳಿದ್ರೆ ತಾರೀಖು ಮುಂದಕ್ಕೆ ಹಾಕ್ತಿರಲಿಲ್ವಾ? ನಾಟಕ ಇನ್ನೊಂದು ವಾರ ಕಾಯ್ತೈತೆ. ನಮ್ಮೂರಾಗೆ ಒಂದು ಹೆಣ ಕೆಡವಿ ನಾವು ದರ್ಬಾರು ಮಾಡಾಣ ಅಂದ್ಕಂಡಿದ್ರಾ?” ಎಂದರು. ನನಗೆ ನಾಚಿಕೆಯಾಯಿತು. ವರ್ಷಗಟ್ಟಲೆ ಯಾವುದಕ್ಕೆ ಹೆದರಿ ಸುಳ್ಳು ಹೇಳಿಕೊಂಡು ತಿರುಗಿದ್ದೆನೋ ಅದು ಒಂದು ಮಾತಿನಲ್ಲಿ ಮುಗಿಯುವಂಥದಾಗಿತ್ತು. ನಾಟಕ ಹತ್ತು ದಿನ ತಡವಾಗಿ ಆಯಿತು. ಪರದೆಯಲ್ಲಿ ನಾನು ಬಿದ್ದ ಜಾಗಕ್ಕೆ, ಅರಮನೆಯ ಗೋಡೆಗೆ ಇಳಿಬಿಟ್ಟಂತೆ ಒಂದು ದೊಡ್ಡ ರತ್ನಗಂಬಳಿ ಬರೆದು ಕಲೆ ಮುಚ್ಚಿದೆ.

ಊರಿಗೆ ಬಂದವನೇ ಅಂಗಡಿ ಬಾಗಿಲಿಗೆ ಬೋರ್ಡು ಹಾಕಿದೆ: ‘ಮಂಗಳವಾರ, ಗುರುವಾರ, ಶನಿವಾರ ಡಯಾಲಿಸಿಸ್. ಉಳಿದ ದಿನ ಕೆಲಸ.’ ಎಲ್ಲರೂ ತಿಪ್ಪೇಸ್ವಾಮಿ ಮೇಷ್ಟ್ರಂತೆ ಇರಲಿಲ್ಲ ಎಂಬುದನ್ನೂ ಹೇಳಬೇಕು. ಹೊಸದುರ್ಗದ ಕಡೆಯವರೊಬ್ಬರು ಬೋರ್ಡು ಓದಿ, ಚಹಾ ಕುಡಿದು, “ನಡುವೆ ನೀವೇ ಹೋಗ್ಬಿಟ್ರೆ ಅರ್ಧ ಅರಮನೆ ಇಟ್ಕಂಡು ನಾವೇನ್ ಮಾಡಾಣ ಹೇಳ್ರಿ?” ಎಂದು ಎದ್ದು ಹೋದರು. ಅವರು ಫ್ಲೆಕ್ಸಿನ ಪರದೆ ಮಾಡಿಸಿಕೊಂಡರು. ಫ್ಲೆಕ್ಸು ಬಂದು ಅಷ್ಟರಲ್ಲಾಗಲೇ ಅಂಗಡಿ ಬೋರ್ಡಿನ ಕೆಲಸ ನುಂಗಿತ್ತು, ಈಗ ಪರದೆಗೂ ಬಾಯಿ ಹಾಕಿತು. ಬೆಳಿಗ್ಗೆ ಹೇಳಿದರೆ ಸಂಜೆಗೆ ಅರಮನೆ. ನಾನು ಅದನ್ನು ಬೈಯುವವನಲ್ಲ. ಅದಕ್ಕೆ ಸೊಂಟನೋವಿಲ್ಲ, ವಾರದಲ್ಲಿ ಮೂರು ದಿನ ರಜೆ ಬೇಡ. ಆದರೆ ದೀಪ ಬಿದ್ದರೆ ಕನ್ನಡಿಯಂತೆ ಹೊಳೆದು ಪಾತ್ರಧಾರಿಯ ಮುಖವನ್ನೇ ನುಂಗುತ್ತದೆ. ಹಾಗಾಗಿ ಹಳೆಯ ಮೇಷ್ಟ್ರುಗಳು ಬಟ್ಟೆಯ ಪರದೆಯನ್ನೇ ಕೇಳಿಕೊಂಡು ಬರುತ್ತಿದ್ದರು. ವರ್ಷಕ್ಕೆ ಎರಡೋ ಮೂರೋ ಸಿಗುತ್ತಿದ್ದವು, ನನ್ನ ಮೈಗೆ ಅಷ್ಟೇ ಸಾಕಿತ್ತು.

ಒಮ್ಮೆ ಕಲಿತ ಬುದ್ಧಿ ಒಂದೇ ವಿಷಯಕ್ಕೆ ಕೆಲಸ ಮಾಡುತ್ತದೆಂದು ಕಾಣುತ್ತದೆ. ಗಿರಾಕಿಗಳಿಗೆ ಸುಳ್ಳು ಹೇಳುವುದು ಬಿಟ್ಟೆ, ಆಸ್ಪತ್ರೆಯವರಿಗೆ ಶುರುಮಾಡಿದೆ. ಹತ್ತನೇ ವರ್ಷದ ಹೊತ್ತಿಗೆ ಎಡಗೈಯ ಉಂಗುರದ ಬೆರಳು, ಕಿರುಬೆರಳು ಜೋಮು ಹಿಡಿಯತೊಡಗಿದವು. ಕುಂಚ ಜಾರಿ ಬಿದ್ದದ್ದು ಸದ್ದಾದ ಮೇಲೆ ಗೊತ್ತಾಗುತ್ತಿತ್ತು. ನಾಗವೇಣಿ ಪ್ರತಿ ಸಲ ಬೆರಳು ಮುಟ್ಟಿ, “ಸ್ಪರ್ಶ ಐತಾ ಅಣ್ಣಾ?” ಎಂದರೆ “ಐತೆ ಐತೆ” ಎನ್ನುತ್ತಿದ್ದೆ. ಇಲ್ಲ ಎಂದರೆ ಇದನ್ನು ಮುಚ್ಚಿ ಬಲಗೈಗೆ ಮಾಡುತ್ತಾರೆ, ಆಗ ಎರಡೂ ಕೈ ಕಟ್ಟಿಹಾಕಿದಂತೆ ಎಂಬುದು ನನ್ನ ಲೆಕ್ಕಾಚಾರ. ಕೈಲಿದ್ದ ಒಂದು ಉದ್ಯಾನವನದ ಪರದೆ ಮುಗಿಯಲಿ, ಆಮೇಲೆ ಹೇಳೋಣ ಎಂದು ಐದು ತಿಂಗಳು ದೂಡಿದೆ. ಕೊನೆಗೆ ಕುಂಚವನ್ನು ಬೆರಳಿಗೆ ಬಟ್ಟೆಪಟ್ಟಿಯಿಂದ ಕಟ್ಟಿಕೊಂಡು ಹೂವು ಬರೆದೆ.

ಬೆರಳ ತುದಿ ಕಪ್ಪಗಾದ ದಿನ ರತ್ನಮ್ಮ ನನ್ನ ಕೈ ಹಿಡಿದು ಎಳೆದುಕೊಂಡು ಹೋಗಿ ಡಾಕ್ಟರ ಟೇಬಲ್ಲಿನ ಮೇಲೆ ಇಟ್ಟಳು. ರಕ್ತವೆಲ್ಲ ಸೂಜಿಯ ದಾರಿಗೇ ಹೋಗುತ್ತಿದೆ, ಬೆರಳಿಗೆ ತಲುಪುತ್ತಿಲ್ಲ, ಐದು ತಿಂಗಳ ಹಿಂದೆ ಬಂದಿದ್ದರೆ ಉಳಿಯುತ್ತಿತ್ತು ಎಂದರು. ಎಡಗೈಯದನ್ನು ಮುಚ್ಚಿ, ಸಣ್ಣ ನಾಳವಾದರೂ ಸರಿ ಎಂದು ಬಲಗೈಗೆ ಮಾಡಿದರು. ಬೆರಳುಗಳು ಕೊಳೆಯದೆ ಉಳಿದವು, ಸ್ಪರ್ಶ ಮಾತ್ರ ವಾಪಸ್ಸು ಬರಲಿಲ್ಲ. ಒಂದು ಉದ್ಯಾನವನ ಉಳಿಸಿಕೊಳ್ಳಲು ಹೋಗಿ ಬರೆಯುವ ಕೈಯನ್ನೇ ಕಳೆದುಕೊಂಡೆ. ಇದು ಯಾರ ತಪ್ಪೂ ಅಲ್ಲ, ನನ್ನದೇ.

ಕುಂಚಗಳನ್ನು ಹೊಳಲ್ಕೆರೆಗೆ ಕಳಿಸಿದೆ. ತಿಪ್ಪೇಸ್ವಾಮಿ ಮೇಷ್ಟ್ರು ಯಾರಿಗೋ ಕೊಟ್ಟರಂತೆ. ಅಂಗಡಿ ಬೇರೆಯವರಿಗೆ ಬಿಟ್ಟೆ.

ಈಗ ಆ ಹುಡುಗಿಗೆ ಹೇಳಬೇಕಾದ ಮಾತು. ಹನ್ನೊಂದು ವರ್ಷ ನಾನು ಯಂತ್ರದ ಪಕ್ಕ ಕೂತದ್ದು ಮಾರನೆ ದಿನ ಬರೆಯಬೇಕಲ್ಲ ಎಂದು. ಅಷ್ಟು ಮಟ್ಟಿಗೆ ನಿನ್ನ ಪ್ರಶ್ನೆ ಸರಿಯಮ್ಮ. ಆದರೆ ಬರೆಯುವುದು ನಿಂತ ಮೇಲೂ ಯಂತ್ರ ನಿಲ್ಲಲಿಲ್ಲ. ಅಂಗಡಿ ಬಿಟ್ಟುಕೊಟ್ಟ ಮೊದಲ ಮಂಗಳವಾರ ನಾನು ಹಾಸಿಗೆಯಿಂದ ಏಳಲಿಲ್ಲ. ಗೋಡೆ ಕಡೆ ಮುಖ ಮಾಡಿ ಮಲಗಿದ್ದೆ. ಜನ್ಮದಲ್ಲಿ ಮೊದಲ ಸಲ ಮೈಯಲ್ಲಿ ಚಡಪಡಿಕೆಯೇ ಇರಲಿಲ್ಲ. ರತ್ನಮ್ಮ ಫೈಲು, ಟವೆಲು ಚೀಲಕ್ಕೆ ತುಂಬಿಕೊಂಡು ಬಂದು ನಿಂತಳು.

“ಏಳ್ರಿ, ಬಸ್ ಹೋಗ್ತೈತೆ.”

“ಯಾಕೆ ಹೋಗ್ಬೇಕು? ನಾಳೆ ಯಾವ ಪರದೆ ಐತೆ ಹೇಳು ನಂಗೆ?”

ಅವಳು ಚೀಲವನ್ನು ಕೆಳಗಿಟ್ಟಳು. ಬೈಯುತ್ತಾಳೆ ಎಂದುಕೊಂಡೆ, ಅಳುತ್ತಾಳೆ ಎಂದುಕೊಂಡೆ. ಎರಡೂ ಇಲ್ಲ. ಹಾಸಿಗೆ ತುದಿಯಲ್ಲಿ ಕೂತು, ಮದುವೆಯಾದಂದಿನಿಂದ ಯಾವತ್ತೂ ನನ್ನ ಹತ್ತಿರ ತನಗೆಂದು ಏನನ್ನೂ ಕೇಳದವಳು, ಕೇಳಿದಳು:

“ಇಷ್ಟು ವರ್ಷ ಪರದೆಗೋಸ್ಕರ ಹೋದ್ರಿ. ನಾನು ಒಂದಿನಾನೂ ಬ್ಯಾಡ ಅನ್ಲಿಲ್ಲ. ಇನ್ಮೇಲೆ ನನಗೋಸ್ಕರ ಹೋಗಿ ಬರ್ರಿ.”

ನಾನು ಎದ್ದು ಅಂಗಿ ಹುಡುಕಿದೆ.